ಹೊಗೆಸೊಪ್ಪಿನ ದುಡ್ಡಿಗಿಂತ ಮೊದಲೇ ಸೀಟು ಬರುತ್ತದೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ದ್ವಿತೀಯ ಪಿಯುಸಿ ಮಕ್ಕಳ ತಂದೆತಾಯಂದಿರಿಗೆ ಬಹಿರಂಗ ಪತ್ರ

ಅಣ್ಣಂದಿರೇ, ಅಕ್ಕಂದಿರೇ,

ಇದು ಮಕ್ಕಳಿಗೆ ಬರೆದ ಕಾಗದವಲ್ಲ, ನಿಮಗೇ ಬರೆದದ್ದು. ಫೆಬ್ರುವರಿ ಕಳೆದರೆ ಸಾಕು, ಎಷ್ಟು ಗಂಟೆಗೆ ಏಳಬೇಕು, ಹೇಗೆ ಓದಬೇಕು, ಏನು ತಿನ್ನಬೇಕು ಎಂದು ಮಕ್ಕಳಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ನಿಮ್ಮನ್ನು ಕೂರಿಸಿಕೊಂಡು ಮಾತಾಡಿದವರು ಮಾತ್ರ ಕಡಿಮೆ. ನಾನು ಹೊಸ ಅಗ್ರಹಾರ ಹೋಬಳಿಯವನು, ಪಿಯು ಕಾಲೇಜುಗಳಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಈಗಲೂ ಸಿಇಟಿ ಫಲಿತಾಂಶ ಬಂದ ಮೇಲೆ ನಾಲ್ಕೂ ತಾಲೂಕಿನ ಮಕ್ಕಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ ಹಿಡಿದು ಹುಡುಕಿಕೊಂಡು ಬರುತ್ತಾರೆ. ಅವರನ್ನು ನೋಡಿ ನೋಡಿ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಅದನ್ನು ಹೇಳಿಬಿಡುತ್ತೇನೆ.

ನಿಮ್ಮ ಮನೆಯಲ್ಲಿ ನಡೆಯುವುದು ಎರಡು ಪರೀಕ್ಷೆ. ಮೊದಲನೆಯದನ್ನು ಏಪ್ರಿಲ್‌ನಲ್ಲಿ ನಿಮ್ಮ ಮಗನೋ ಮಗಳೋ ಬರೆಯುತ್ತಾರೆ. ಎರಡನೆಯದು ಜನವರಿಯಲ್ಲಿ ಶುರುವಾಗಿ ಆಗಸ್ಟ್‌ವರೆಗೂ ಎಳೆಯುತ್ತದೆ: ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ ಪತ್ರ, ಆಪ್ಷನ್ ಎಂಟ್ರಿ, ಶುಲ್ಕ. ಇದನ್ನು ಬರೆಯಬೇಕಾದವರು ನೀವು. ನಮ್ಮ ಕಡೆಯ ಎಷ್ಟೋ ಮಕ್ಕಳು ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಬಿದ್ದಿದ್ದಾರೆ.

ಪಿರಿಯಾಪಟ್ಟಣ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಹತ್ತನೇ ತರಗತಿಯವರೆಗೂ ಹಳ್ಳಿಯ ಶಾಲೆ, ಕನ್ನಡ ಮಾಧ್ಯಮ. ಮೈಸೂರಿನ ಒಳ್ಳೆಯ ಎಂಜಿನಿಯರಿಂಗ್ ಕಾಲೇಜಿನಲ್ಲೇ ಸೀಟು ಬಂತು. ಚಾಯ್ಸ್-1 ಒತ್ತಿದಳು, ಅಂದರೆ 'ಈ ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ' ಎಂದು. ಕಟ್ಟಲು ಇದ್ದದ್ದು ಬೆರಳೆಣಿಕೆಯ ದಿನ. ಆ ವಾರವೇ ಮನೆಯಲ್ಲಿ ಹೊಗೆಸೊಪ್ಪು ಮುರಿದು, ಬೇಯಿಸುವ ಬ್ಯಾರನ್‌ಗೆ ಏರಿಸಿದ್ದರು. ಶಾಖ ಏರುಪೇರಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಗ್ರೇಡ್ ಬೀಳುತ್ತದೆ. ಹಾಗಾಗಿ ಅಪ್ಪ ರಾತ್ರಿಯೆಲ್ಲ ಒಲೆ ಬಾಯಿಯ ಮುಂದೆ, ಅಮ್ಮ ಹಗಲೆಲ್ಲ ಕಡ್ಡಿಗೆ ಸೊಪ್ಪು ಕಟ್ಟುವ ಆಳುಗಳ ಜತೆ. ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಎಂದು ಇದ್ದಬದ್ದ ದುಡ್ಡೆಲ್ಲ ಹೊಲಕ್ಕೆ ಹೋಗಿತ್ತು, ಒಡವೆ ಆಗಲೇ ಅಡವಿಗೆ ಹೋಗಿತ್ತು. 'ಹರಾಜು ಶುರುವಾಗಲಿ ಕಣವ್ವ, ಒಂದೇ ಸಲಕ್ಕೆ ಕಟ್ಟೋಣ' ಅಂದರಂತೆ ಅಪ್ಪ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗೊಬ್ಬರದಂಗಡಿಯವರು ಹರಾಜಿನವರೆಗೆ ಕಾಯುತ್ತಾರೆ, ದಿನಸಿ ಅಂಗಡಿಯವರು ಕಾಯುತ್ತಾರೆ, ಮದುವೆ ಮಾತುಕತೆಯೂ ಕಾಯುತ್ತದೆ. ಸೀಟು ಹಂಚುವ ಕಂಪ್ಯೂಟರ್ ಕಾಯುವುದಿಲ್ಲ. ಕೊನೆಯ ದಿನ ದಾಟಿತು, ಸೀಟು ಹೋಯಿತು. ಹುಡುಗಿ ಬಿಎಸ್‌ಸಿ ಸೇರಿದಳು. ಬಿಎಸ್‌ಸಿ ಕೀಳೆಂದು ನಾನು ಹೇಳುತ್ತಿಲ್ಲ, ನಾನೂ ಅದನ್ನೇ ಓದಿದವನು. ಆದರೆ ಅವಳು ಕೇಳಿದ್ದು ಅದಲ್ಲ, ಗೆದ್ದದ್ದೂ ಅದಲ್ಲ.

ನಮ್ಮ ಸೀಮೆಯ ವರ್ಷವನ್ನೂ ಪರೀಕ್ಷೆಗಳ ವರ್ಷವನ್ನೂ ಒಂದು ಸಲ ಅಕ್ಕಪಕ್ಕ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ಸಿಇಟಿ ನಡೆಯುವಾಗ ಹೊಗೆಸೊಪ್ಪಿನ ಸಸಿ ಮಡಿಯಲ್ಲಿರುತ್ತದೆ. ಮೇ ಮೊದಲ ವಾರ ನೀಟ್. ಆ ಹೊತ್ತಿಗೆ ಮುಂಗಾರು ಪೂರ್ವದ ಮಳೆ ಬಿದ್ದು ನಾಟಿ ಶುರು. ಸೀಟು ಹಂಚಿಕೆ, ಶುಲ್ಕ, ಕಾಲೇಜಿಗೆ ವರದಿ ಮಾಡಿಕೊಳ್ಳುವುದು ಎಲ್ಲ ನಡೆಯುವ ಜೂನ್‌ನಿಂದ ಆಗಸ್ಟ್‌ವರೆಗೆ ಕಳೆ, ಗೊಬ್ಬರ, ಸೊಪ್ಪು ಮುರಿಯುವುದು, ಬೇಯಿಸುವುದು. ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ.ಕೋಟೆಯ ತಂಬಾಕು ಮಂಡಳಿ ಹರಾಜು ಮಾರುಕಟ್ಟೆಗಳು ಬಾಗಿಲು ತೆರೆಯುವುದು ದಸರೆಯ ಆಸುಪಾಸಿಗೆ. ನಮ್ಮ ಕೆ.ಆರ್.ನಗರದ ಭತ್ತದ ಕಥೆ ಇನ್ನೂ ತಡ: ಜುಲೈ, ಆಗಸ್ಟ್‌ನಲ್ಲಿ ನಾಟಿ, ದುಡ್ಡು ಕೈಗೆ ಸಿಗುವುದು ಸಂಕ್ರಾಂತಿ ಹೊತ್ತಿಗೆ. ಸಂಬಳದ ಮನೆಗೆ ಜುಲೈಯೂ ಒಂದೇ, ಜನವರಿಯೂ ಒಂದೇ. ಬೆಳೆಯ ಮನೆಗೆ ಜುಲೈ ಅಂದರೆ ಖಾಲಿ ಕೈ. ಈ ಪ್ರವೇಶ ಪದ್ಧತಿಯನ್ನು ರೂಪಿಸಿದವರ ತಲೆಯಲ್ಲಿ ಇದ್ದದ್ದು ಸಂಬಳದ ಮನೆ ಎಂದೇ ನನ್ನ ಅನುಮಾನ.

ಪದ್ಧತಿ ಬದಲಾಗುವವರೆಗೆ ನಾವು ಮಾಡಬಹುದಾದದ್ದು ಇಷ್ಟು. ಮಗು ದ್ವಿತೀಯ ಪಿಯುಸಿಯಲ್ಲಿರುವಾಗಲೇ ಒಂದು ಹರಾಜು ನಡೆದಿರುತ್ತದೆ. ಆ ದುಡ್ಡು ಬ್ಯಾಂಕ್ ಖಾತೆಗೆ ಬಿದ್ದ ದಿನವೇ ಮೊದಲ ವರ್ಷದ ಶುಲ್ಕದ ಅಂದಾಜು ಮೊತ್ತ ಬೇರೆ ತೆಗೆದಿಡಿ. ಟ್ರ್ಯಾಕ್ಟರ್ ಕಂತಿಗೆ ಮೊದಲು, ಚೀಟಿಗೆ ಮೊದಲು, ಹಬ್ಬಕ್ಕೆ ಮೊದಲು. ಇನ್ನೊಂದು ದಾರಿ 'ಅರಿವು' ಸಾಲ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ ಹಿಂದುಳಿದ ವರ್ಗದ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಶೇ 2ರ ಬಡ್ಡಿಗೆ ಕೊಡುವ ಯೋಜನೆ ಅದು. ಕೊಡುವುದು ಡಿ.ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ. ಅಲ್ಪಸಂಖ್ಯಾತರ ನಿಗಮದಲ್ಲೂ ಇದೇ ಹೆಸರಿನ ಸಾಲವಿದೆ. ಆದರೆ ಅರಿವು ಸಾಲ ಅರ್ಜಿ ಹಾಕಿದ ಮರುದಿನ ಕೈಗೆ ಬರುವ ದುಡ್ಡಲ್ಲ. ಅದನ್ನು ನಂಬಿಕೊಂಡು ಮೊದಲ ಕಂತನ್ನು ಬಿಡಬೇಡಿ.

ಅರಸರ ಹೆಸರು ಬಂತು. ಹುಣಸೂರು ತಾಲೂಕಿನ ಕಲ್ಲಹಳ್ಳಿಯ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1972ರಲ್ಲಿ, ಎಲ್.ಜಿ.ಹಾವನೂರರ ಆಯೋಗ ನೇಮಕವಾಯಿತು; 1975ರಲ್ಲಿ ವರದಿ ಬಂತು. ಇವತ್ತು ಸಿಇಟಿ ಅರ್ಜಿಯಲ್ಲಿ ನಿಮ್ಮ ಮಗು ತುಂಬುವ ಪ್ರವರ್ಗ-1, 2ಎ, 3ಎ ಎಂಬ ಕಲಮುಗಳ ಬೇರು ಆ ಕೆಲಸದಲ್ಲಿದೆ. ಸಿಇಟಿಯ ಹುಟ್ಟಿಗೂ ಒಂದು ಕಥೆ ಇದೆ, ನಿಮ್ಮಲ್ಲಿ ಐವತ್ತು ದಾಟಿದವರಿಗೆ ನೆನಪಿರಬಹುದು. ಆಗ ವೃತ್ತಿಪರ ಕಾಲೇಜಿನ ಸೀಟು ಎಂದರೆ ಡೊನೇಷನ್. ಅದನ್ನು ತಡೆಯಲು ರಾಜ್ಯದಲ್ಲಿ 1984ರಲ್ಲೇ ಕಾನೂನು ಬಂದಿತ್ತು, ವ್ಯಾಪಾರ ನಿಂತಿರಲಿಲ್ಲ. ತುಮಕೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಕೇಳಿದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಘಟಕ ಶುರುವಾಯಿತು. ಇವತ್ತಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ, ಅದೇ. ಜಮೀನು ಮಾರದೆ ಡಾಕ್ಟರೋ ಎಂಜಿನಿಯರೋ ಆದ ನಮ್ಮ ಹಳ್ಳಿಗಳ ಮೊದಲ ತಲೆಮಾರು ಆ ಬಾಗಿಲಿನಿಂದಲೇ ಒಳಗೆ ಹೋದದ್ದು. ಈ ಪರೀಕ್ಷೆಯನ್ನು ಎಷ್ಟು ಬೈದರೂ ಅದಿಲ್ಲದ ಕಾಲ ವಾಪಸು ಬರಲಿ ಎಂದು ಬಯಸಲಾರೆ.

ಈಗ ಕಾಗದಪತ್ರದ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15ರಷ್ಟು ಸೀಟುಗಳಿವೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಹತ್ತೂ ವರ್ಷ ಎಂಬ ಮಾತನ್ನು ಎರಡು ಸಲ ಓದಿಕೊಳ್ಳಿ. ನಿಮ್ಮ ಮನೆ ಹಳ್ಳಿಯಲ್ಲಿರುವುದು ಇಲ್ಲಿ ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿತ್ತು ಎಂಬುದೇ ಲೆಕ್ಕ. ಹುಣಸೂರು ನಗರಸಭೆ, ಕೆ.ಆರ್.ನಗರ ಪುರಸಭೆ. ಆ ಗಡಿಯೊಳಗಿನ ಕಾನ್ವೆಂಟಿಗೆ ಹಳದಿ ವ್ಯಾನಿನಲ್ಲಿ ದಿನಾ ಹೋಗಿಬಂದ ಮಗು ಮಲಗಿದ್ದು ಹಳ್ಳಿಯಲ್ಲೇ ಆದರೂ ಗ್ರಾಮೀಣ ಅಭ್ಯರ್ಥಿಯಲ್ಲ. ಮಧ್ಯೆ ಒಂದೇ ಒಂದು ವರ್ಷ ಪಟ್ಟಣದ ಶಾಲೆಗೆ ಹಾಕಿ ವಾಪಸು ತಂದಿದ್ದರೂ ಹೋಯಿತು. ಆರನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಿದ ದಿನ ಕನ್ನಡ ಮಾಧ್ಯಮದ ಮೀಸಲಾತಿ ಹೋಯಿತು. ಐದು ವರ್ಷದ ಮಗುವನ್ನು ವ್ಯಾನಿಗೆ ಹತ್ತಿಸುವಾಗ ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಅಲ್ಲಿ ಓದಿಸಬೇಡಿ ಎನ್ನುತ್ತಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರಿದ್ದರೆ ನೀವಾದರೂ ಏನು ಮಾಡುತ್ತೀರಿ? ಆದರೆ ಯಾವುದನ್ನು ಕೊಟ್ಟು ಯಾವುದನ್ನು ತಗೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಇನ್ನೂ ಒಂದನೇ ತರಗತಿಗೆ ಸೇರದ ಚಿಕ್ಕ ಮಗುವಿದ್ದರೆ ಈ ಲೆಕ್ಕವನ್ನು ಇವತ್ತೇ ಹಾಕಿ.

ಹಕ್ಕಿದ್ದವರಿಗೂ ಅದು ತಾನಾಗಿ ಬರುವುದಿಲ್ಲ. ಪ್ರಾಥಮಿಕ ಶಾಲೆ ಒಂದು ಕಡೆ, ಹಿರಿಯ ಪ್ರಾಥಮಿಕ ಇನ್ನೊಂದು ಕಡೆ, ಹೈಸ್ಕೂಲು ಮತ್ತೊಂದು ಕಡೆ ಆಗಿದ್ದರೆ ಮೂರೂ ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮುಖ್ಯೋಪಾಧ್ಯಾಯರು ವರ್ಗವಾಗಿರುತ್ತಾರೆ, ದಾಖಲಾತಿ ಪುಸ್ತಕದಲ್ಲಿ ಹೆಸರಿನ ಇನಿಷಿಯಲ್ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ ಇರುತ್ತದೆ. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಯ ಆರ್‌ಡಿ ಸಂಖ್ಯೆ ಬೇಕು. ಅರ್ಜಿಯಲ್ಲಿ ಅದು ಹೊಂದದಿದ್ದರೆ 2ಎ, 3ಎಯ ಮಗು ಸಾಮಾನ್ಯ ವರ್ಗಕ್ಕೆ ಜಾರುತ್ತದೆ. ಕೆಲವು ಪತ್ರಗಳಿಗೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಈಗ ಮುಗಿಯುವ ಹಂತದಲ್ಲಿರಬಹುದು, ತೆಗೆದು ತಾರೀಖು ನೋಡಿ. ಪೋಷಕರ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ, ಕಾಲೇಜಿನ ಪ್ರತಿ ಕೋರ್ಸಿಗೆ ಶೇ 5ರಂತೆ. ಬೋಧನಾ ಶುಲ್ಕ ಇಲ್ಲ. ಹೊಗೆಸೊಪ್ಪು ಬೆಳೆಯುವ ಬಹುತೇಕ ಮನೆಗಳು ಈ ಮಿತಿಯೊಳಗೇ ಬರುತ್ತವೆ. ಆ ಹೆಸರನ್ನೇ ಕೇಳದೆ ಕೌನ್ಸೆಲಿಂಗ್ ಮುಗಿಸಿದವರು ಎಷ್ಟೋ ಮಂದಿ.

ಇನ್ನು ಮಕ್ಕಳು ಬರೆಯುವ ಪರೀಕ್ಷೆಯನ್ನು ನೀವೂ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ವರ್ಷವಿಡೀ ನೀಟ್ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿ 'ಗೊತ್ತಿಲ್ಲದ್ದನ್ನು ಮುಟ್ಟಬೇಡ' ಎಂಬ ಭಯ ಮೈಗೂಡಿಸಿಕೊಂಡ ಹುಡುಗರು ಸಿಇಟಿಯ ಓಎಂಆರ್ ಹಾಳೆಯಲ್ಲೂ ಐದಾರು ಗುಂಡಿ ಖಾಲಿ ಬಿಟ್ಟು ಬರುತ್ತಾರೆ. ಬಿಡುವುದು ಶುದ್ಧ ನಷ್ಟ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಎಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. 'ಬೋರ್ಡ್ ಪರೀಕ್ಷೆ ಪಾಸಾದರೆ ಸಾಕು, ಕೋಚಿಂಗ್ ಮುಖ್ಯ' ಎಂದು ಯಾರಾದರೂ ಹೇಳಿದರೆ ಆ ಸ್ಥಳದಿಂದ ಎದ್ದು ಬನ್ನಿ. ಸರ್ಕಾರಿ ಪಿಯು ಕಾಲೇಜಿನ ಮಗು ಪಟ್ಟಣದ ಕೋಚಿಂಗ್ ಮಗುವಿನ ಸಮಕ್ಕೆ ನಿಲ್ಲುವ ಜಾಗವೇ ಆ ಅರ್ಧ.

ಸಿಇಟಿ ದೋಷವಿಲ್ಲದ್ದೇನೂ ಅಲ್ಲ. 2024ರ ಏಪ್ರಿಲ್‌ನ ಪ್ರಶ್ನೆಪತ್ರಿಕೆಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆ ಬಂದವು. ಗಲಾಟೆಯಾಗಿ ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಅಂಕದ ಲೆಕ್ಕ ಸರಿಹೋಯಿತು. ಆದರೆ ಸರ್ಕಾರ ಕೊಟ್ಟ ಪುಸ್ತಕವನ್ನಷ್ಟೇ ನಂಬಿ ಓದಿದ ಮಗು ಆ ಪ್ರಶ್ನೆಗಳ ಮುಂದೆ ಬೆವರುತ್ತಾ ಕೂತ ನಿಮಿಷಗಳನ್ನು ಯಾರು ವಾಪಸು ಕೊಟ್ಟರು? 2022ರಲ್ಲಿ ಇನ್ನೊಂದು ಅವಾಂತರ: ಕೋವಿಡ್‌ನಿಂದಾಗಿ ಪರೀಕ್ಷೆ ಬರೆಯದೆಯೇ ಹಿಂದಿನ ವರ್ಷ ಪಾಸಾಗಿದ್ದವರ ಪಿಯುಸಿ ಅಂಕವನ್ನು ಪರಿಗಣಿಸಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು, ರ್‍ಯಾಂಕ್ ಪಟ್ಟಿಯನ್ನೇ ಬದಲಾಯಿಸಬೇಕಾಯಿತು, ಕೌನ್ಸೆಲಿಂಗ್ ತಿಂಗಳುಗಟ್ಟಲೆ ತಡವಾಯಿತು. ನೀಟ್‌ನದಂತೂ ನಿಮಗೆ ಗೊತ್ತೇ ಇದೆ. 2024ರ ಜೂನ್ 4ರಂದು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720! ಆಮೇಲೆ ಸೋರಿಕೆಯ ಆರೋಪ, 1,563 ಮಂದಿಯ ಕೃಪಾಂಕ ರದ್ದು, ಮರುಪರೀಕ್ಷೆ, ಸುಪ್ರೀಂ ಕೋರ್ಟು. ಇದನ್ನೆಲ್ಲ ಹೇಳುವುದು ಒಂದೇ ಕಾರಣಕ್ಕೆ. ಫಲಿತಾಂಶದ ದಿನ ಅಂಕ ಕಡಿಮೆ ಬಂದಿದ್ದರೆ ಮಗುವನ್ನು ಬೈಯುವ ಮೊದಲು ನೆನಪಿಡಿ: ಈ ಪರೀಕ್ಷೆಗಳನ್ನು ನಡೆಸುವ ದೊಡ್ಡವರೇ ಆಗಾಗ ಫೇಲಾಗುತ್ತಾರೆ.

ಆಪ್ಷನ್ ಎಂಟ್ರಿಗೆ ಬನ್ನಿ. ಸೈಬರ್ ಸೆಂಟರಿನಲ್ಲಿ ಒಂದು ಸಂಜೆ ಕೂತು ನೋಡಿದರೆ ಅರ್ಥವಾಗುತ್ತದೆ. ಹುಡುಗ ನಿಂತಿರುತ್ತಾನೆ, ಕುರ್ಚಿಯಲ್ಲಿ ಕೂತವನು ಅಂಗಡಿಯವನು. 'ಯಾವ ಬ್ರಾಂಚ್ ಬೇಕಪ್ಪ?' ಎನ್ನುತ್ತಾನೆ. ಹುಡುಗ ಅಪ್ಪನ ಮುಖ ನೋಡುತ್ತಾನೆ, ಅಪ್ಪ ಅಂಗಡಿಯವನ ಮುಖ ನೋಡುತ್ತಾರೆ. 'ಕಂಪ್ಯೂಟರ್ ಸೈನ್ಸ್ ಹಾಕ್ಬಿಡ್ತೀನಿ, ಮೈಸೂರಿಂದು ಐದಾರು ಕಾಲೇಜು.' ಹಿಂದೆ ಇನ್ನೂ ಹತ್ತು ಜನ ಸಾಲಿನಲ್ಲಿದ್ದಾರೆ. ಕಾಲು ಗಂಟೆಯಲ್ಲಿ ನಾಲ್ಕು ವರ್ಷದ ಓದು ತೀರ್ಮಾನವಾಗಿರುತ್ತದೆ. ಅಂಗಡಿಯವನು ಕೆಟ್ಟವನಲ್ಲ, ಅವನಿಗೆ ಸಿಗುವುದು ನೂರು ಇನ್ನೂರು ರೂಪಾಯಿ. ಇದಕ್ಕಿಂತ ಅಪಾಯದ್ದು ಎಂದರೆ ಅರ್ಜಿ ಹಾಕುವಾಗ ಅವನ ಮೊಬೈಲ್ ನಂಬರೇ ಕೊಟ್ಟಿರುವುದು. ಒಟಿಪಿ, ಸಂದೇಶ, ಕೊನೆ ದಿನಾಂಕದ ಎಚ್ಚರಿಕೆ ಎಲ್ಲ ಅವನಿಗೆ ಹೋಗುತ್ತದೆ. ಅವನು ಮದುವೆಗೆಂದು ಊರಿಗೆ ಹೋದರೆ ನಿಮ್ಮ ಮಗುವಿನ ಸೀಟು ಅವನ ಜೇಬಿನಲ್ಲಿ ಹೊರಟಿತು. ನಂಬರ್ ನಿಮ್ಮದೇ ಇರಲಿ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅದರ ಕರೆನ್ಸಿ ಖಾಲಿಯಾಗದಿರಲಿ.

ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅತಿ ಇಷ್ಟದ್ದು ಮೊದಲು, ಆಮೇಲೆ ಅದಕ್ಕಿಂತ ಕಡಿಮೆ ಇಷ್ಟದ್ದು. 'ನನಗೆಲ್ಲಿ ಸಿಗುತ್ತದೆ' ಎಂದು ಹೆದರಿ ದೊಡ್ಡ ಕಾಲೇಜನ್ನು ಕೆಳಗೆ ಹಾಕಬೇಡಿ. ಕಂಪ್ಯೂಟರ್ ಮೇಲಿನಿಂದ ಒಂದೊಂದಾಗಿ ನೋಡುತ್ತಾ ಬರುತ್ತದೆ, ಮೊದಲು ಸಿಕ್ಕಿದ್ದನ್ನು ಕೊಟ್ಟು ನಿಲ್ಲುತ್ತದೆ. ಸಿಗದ್ದನ್ನು ಮೇಲೆ ಹಾಕಿದ್ದಕ್ಕೆ ದಂಡವಿಲ್ಲ. ಸಿಗುವಂಥ ಇಷ್ಟದ್ದನ್ನು ಕಡಿಮೆ ಇಷ್ಟದ್ದರ ಕೆಳಗೆ ಹಾಕಿದರೆ, ಮೇಲಿನದು ಸಿಕ್ಕ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ, ಅದನ್ನು ಬಿಡಬೇಡಿ. ಪಿರಿಯಾಪಟ್ಟಣದವರಿಗೆ ಒಂದು ಮಾತು: ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಬೈಲಕುಪ್ಪೆ ದಾಟಿ ಕಾವೇರಿಯ ಆಚೆ. ಬೆಂಗಳೂರಿನ ಹೆಸರಿಲ್ಲದ ಖಾಸಗಿ ಕಾಲೇಜಿನ ಹಾಸ್ಟೆಲ್ಲಿಗೆ ಲಕ್ಷ ಸುರಿಯುವ ಮುನ್ನ ಅಲ್ಲಿಗೆ ಒಮ್ಮೆ ಹೋಗಿ ನೋಡಿ. ಕೆ.ಆರ್.ಪೇಟೆಯಲ್ಲೂ ಒಂದಿದೆ, ನಮ್ಮ ಕಡೆಯಿಂದ ದೂರವಿಲ್ಲ.

ಈಗ ನಿಮಗೆ ಸಿಟ್ಟು ಬರಬಹುದಾದ ಮಾತು. ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ, 'ನೀಟ್ ಪಾಸಾದ ನಮ್ಮೂರ ಹೆಮ್ಮೆಯ ಕುವರಿ' ಎಂದು. ನೀಟ್‌ನಲ್ಲಿ ಅರ್ಹತೆ ಪಡೆಯುವುದು ಬೇರೆ, ಸರ್ಕಾರಿ ವೈದ್ಯಕೀಯ ಸೀಟು ಪಡೆಯುವುದು ಬೇರೆ. ಎರಡರ ನಡುವೆ ನೂರಾರು ಅಂಕದ ಅಂತರ. ಫ್ಲೆಕ್ಸ್ ಕಟ್ಟಿದ ವಾರದಲ್ಲೇ ಫೋನ್ ಬರಲು ಶುರುವಾಗುತ್ತದೆ: 'ಸಾರ್, ಮಗಳಿಗೆ ಸೀಟು ಮಾಡಿಸಿಕೊಡ್ತೀವಿ, ಅಡ್ವಾನ್ಸ್ ಹಾಕಿ.' ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟೆಂದರೆ ವರ್ಷಕ್ಕೆ ಹತ್ತು ಲಕ್ಷ ದಾಟುವ ವ್ಯವಹಾರ. ಅದಕ್ಕೆ ಮನಸ್ಸು ಕೊಟ್ಟ ರೈತ ಮೊದಲು ಮಾರುವುದು ರಸ್ತೆ ಪಕ್ಕದ ಜಮೀನನ್ನು. ಕೆಇಎ ಮೂಲಕ ಬಾರದ ಯಾವ 'ಸೀಟಿಗೂ' ಕೈಯಿಂದ ಒಂದು ರೂಪಾಯಿ ಕೊಡಬೇಡಿ. ಎಂಜಿನಿಯರಿಂಗ್‌ನಲ್ಲಿ ಸೀಟ್ ಬ್ಲಾಕಿಂಗ್ ದಂಧೆ ನಡೆದು 2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಹಲವರನ್ನು ಬಂಧಿಸಿದ್ದು ಪತ್ರಿಕೆಯಲ್ಲೇ ಬಂದಿತ್ತು.

ನೀಟ್ ಮತ್ತೆ ಬರೆಯಲು ಕೊಡಿಸುವ ಲಾಂಗ್ ಟರ್ಮ್ ಕೋಚಿಂಗ್ ವಿಷಯದಲ್ಲೂ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ. ಸೀಟಿನ ಹತ್ತಿರ ಬಂದು ತಪ್ಪಿಸಿಕೊಂಡ ಮಗು ತಾನೇ ಇನ್ನೊಂದು ವರ್ಷ ಕೇಳಿದರೆ ಕೊಡಿ. ಬಹಳ ದೂರ ಉಳಿದಿದ್ದರೆ, ಕೇಳುತ್ತಿರುವವರು ಮಗುವಲ್ಲದೆ ನೀವೇ ಆಗಿದ್ದರೆ, ಬೇಡ. ಬೇರೆ ದಾರಿಗಳಿವೆ. ಬಿ.ಎಸ್‌ಸಿ. ನರ್ಸಿಂಗ್ ಈಗ ಸಿಇಟಿ ಮೂಲಕವೇ ಇದೆ. ಫಾರ್ಮಸಿ ಇದೆ, ಪಶುವೈದ್ಯಕೀಯ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಮೂರನೇ ಸಲ ನೀಟ್ ಬರೆದು ಯಾರ ಮುಖವನ್ನೂ ನೋಡಲಾಗದೆ ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟ ಹುಡುಗರನ್ನು ನಾನು ಬಲ್ಲೆ.

ಕೃಷಿ ಪದವಿಯ ಮಾತು ಬಂದಾಗ ನನಗೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಉಪಕರಣ, ಕಳೆ, ಕೀಟ ಗುರುತಿಸಬೇಕು. ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಆದರೆ 'ನೀನು ಓದ್ಕೋ, ಹೊಲದ ಕಡೆ ಬರಬೇಡ' ಎಂದು ಹತ್ತು ವರ್ಷ ಹೇಳಿ ಬೆಳೆಸಿದ್ದೇವೆ. ಉದ್ದಿನ ಕಾಳಿಗೂ ಹೆಸರಿನ ಕಾಳಿಗೂ ವ್ಯತ್ಯಾಸ ತಿಳಿಯದೆ ತಬ್ಬಿಬ್ಬಾಗಿ ಬಂದ ರೈತನ ಮಗನನ್ನು ಕಂಡಿದ್ದೇನೆ. ಇದಕ್ಕೂ ಈಗ ತರಬೇತಿ ಕೊಡುವವರಿದ್ದಾರೆ! ದುಡ್ಡು ಕೊಟ್ಟು ಅಲ್ಲಿಗೆ ಕಳಿಸುವ ಬದಲು ಭಾನುವಾರ ಹೊಲಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಸಹಕಾರ ಸಂಘದ ಗೊಬ್ಬರದ ಮಳಿಗೆ ತೋರಿಸಿ.

ಎಚ್.ಡಿ.ಕೋಟೆ, ಹುಣಸೂರಿನ ಹಾಡಿಗಳ ತಂದೆತಾಯಂದಿರಿಗೆ ಈ ಪತ್ರ ತಲುಪುವುದೇ ಕಷ್ಟ, ಆದರೂ ಬರೆಯುತ್ತೇನೆ. ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ 3ರಿಂದ 7ಕ್ಕೆ ಏರಿತು. ಆ ಶೇ 7ರೊಳಗೆ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಮಕ್ಕಳ ಪಾಲು ಎಷ್ಟು ಎಂದು ಕೇಳಿದರೆ, ದ್ವಿತೀಯ ಪಿಯುಸಿ ವಿಜ್ಞಾನದವರೆಗೆ ಬಂದವರೇ ಎಷ್ಟು ಎಂದು ಮೊದಲು ಕೇಳಬೇಕಾಗುತ್ತದೆ. ಸಂಖ್ಯೆಯಲ್ಲಿ ದೊಡ್ಡ ಸಮುದಾಯಗಳ ಮಕ್ಕಳ ಜತೆ ಅವರು ಒಂದೇ ಪಟ್ಟಿಯಲ್ಲಿ ನಿಲ್ಲಬೇಕು. ಹಾಡಿಯ ಮಗುವಿಗೆ ಸಿಇಟಿಯ ಬಾಗಿಲು ಮುಚ್ಚುವುದು ಎಂಟನೇ ತರಗತಿಯ ಆಸುಪಾಸಿನಲ್ಲಿ, ಆಶ್ರಮ ಶಾಲೆ ಮುಗಿದು ಹೈಸ್ಕೂಲಿಗೆ ದೂರ ಹೋಗಬೇಕಾದಾಗ. ಅಲ್ಲಿ ತಡೆದು ನಿಲ್ಲಿಸುವ ಮೇಷ್ಟ್ರು ಸಿಕ್ಕರೆ ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು.

ಚಿಕ್ಕ ಮಕ್ಕಳ ಪರೀಕ್ಷೆಗಳ ಬಗ್ಗೆ ಎರಡು ಸಾಲು. ನವೋದಯಕ್ಕೂ ಮೊರಾರ್ಜಿ ಶಾಲೆಗಳಿಗೂ ಐದನೇ ತರಗತಿಯಲ್ಲೇ ಪ್ರವೇಶ ಪರೀಕ್ಷೆ ಬರೆಸುತ್ತೀರಿ, ಸರಿ. ಆದರೆ ಒಂಬತ್ತು ವರ್ಷದ ಮಗುವನ್ನು ಅದಕ್ಕಾಗಿ ಕೋಚಿಂಗ್ ಹಾಸ್ಟೆಲ್ಲಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ, ಆಯ್ಕೆಯಾದರೆ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷದ ಆ ದುಡ್ಡನ್ನು ಮುಟ್ಟದೆ ಇಟ್ಟರೆ ಮುಂದೆ ಕಾಲೇಜು ಶುಲ್ಕಕ್ಕೆ ಒಂದು ಆಸರೆ.

ಕೊನೆಗೆ ಕೆಲಸದ ಮಾತು. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿಯಲ್ಲಿ ಶುರುವಾಗುತ್ತದೆ. ಚುಂಚನಕಟ್ಟೆ ಜಾತ್ರೆ ಮುಗಿಯುವುದರೊಳಗೆ ನಾಡಕಚೇರಿಗೆ, ಮಗು ಓದಿದ ಎಲ್ಲ ಶಾಲೆಗಳಿಗೆ, ಬಿಇಒ ಕಚೇರಿಗೆ ಹೋಗಿ ಬನ್ನಿ. ಹೆಸರಿನ ಒಂದೊಂದು ಅಕ್ಷರವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜತೆ ತಾಳೆ ನೋಡಿ. ಆ ವರ್ಷದ ಕೈಪಿಡಿಯನ್ನು ಮಗುವಿನಿಂದ ಓದಿಸಿ ಕೇಳಿ. ಚಾಯ್ಸ್‌ಗಳ ಷರತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೋದ ವರ್ಷ ಪಕ್ಕದ ಮನೆಯವರಿಗೆ ಆದದ್ದು ಈ ವರ್ಷ ನಿಮಗೆ ಅನ್ವಯಿಸದೆ ಹೋಗಬಹುದು. ಸಹಕಾರ ಸಂಘಗಳ ಅಧ್ಯಕ್ಷರಾಗಿರುವವರು ನಿಮ್ಮಲ್ಲೇ ಇದ್ದೀರಿ. ಸೀಟು ಹಂಚಿಕೆಯ ಪತ್ರ ತೋರಿಸಿದ ಸದಸ್ಯರಿಗೆ ಜುಲೈಯಲ್ಲಿ ಶುಲ್ಕದ ಸಾಲ ಕೊಟ್ಟು ಹರಾಜಾದ ಮೇಲೆ ಹಿಡಿದುಕೊಳ್ಳುವ ಏರ್ಪಾಡನ್ನು ಮುಂದಿನ ಮಹಾಸಭೆಯಲ್ಲಿ ಇಡಿ. ಗೊಬ್ಬರಕ್ಕೆ ಕೊಡುವ ಸಂಘ ಓದಿಗೂ ಕೊಡಬಹುದು. ನಿಮ್ಮ ಸಂಘ ಒಪ್ಪದಿದ್ದರೆ ನನಗೆ ಹೇಳಿಕಳಿಸಿ, ಸಭೆಗೆ ನಾನೂ ಬರುತ್ತೇನೆ.

ಇಂತಿ ನಿಮ್ಮ,
ಹೊಸ ಅಗ್ರಹಾರ ಹೋಬಳಿಯ ಒಬ್ಬ ನಿವೃತ್ತ ಉಪನ್ಯಾಸಕ